ಬೇಲಿಯ ಮೇಲಿಂದ ಬಂದ ಪಿಸ್ತಾ ಚೀಲ

ನಮ್ಮ ಬೇಲಿ ಎಂದರೆ ನಾಲ್ಕು ಎಳೆ ಮುಳ್ಳುತಂತಿ, ಅಷ್ಟೇ. ಅದರಾಚೆ ಪಿಸ್ತಾ ತೋಟ, ಈಚೆ ನಮ್ಮ ಟ್ರೈಲರ್. ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ ತೋಟದ ಅಮ್ಮ ತಂತಿಯ ಮೇಲಿಂದ ಎರಡು ಚೀಲ ದಾಟಿಸಿದರು. ಒಂದರಲ್ಲಿ ಸೇಬು, ಇನ್ನೊಂದರಲ್ಲಿ ಆಗಷ್ಟೇ ಕೊಯ್ದು ಒಣಗಿಸಿದ ಪಿಸ್ತಾ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ತೆಗೆದುಕೊಂಡವಳು ಹಾಗೇ ನಿಂತುಬಿಟ್ಟೆ. ಹಿಂದಿನ ದಿನವಷ್ಟೇ ಆರು ವಾರದ ಪಥ್ಯ ಹಿಡಿದಿದ್ದೆ. ಬಿಡಬೇಕಾದವುಗಳ ಪಟ್ಟಿಯಲ್ಲಿ ಸೇಬೂ ಇತ್ತು, ಪಿಸ್ತಾವೂ ಇತ್ತು.

"ಯಾಕೆ, ಇಷ್ಟವಿಲ್ಲವಾ?" ಅಂದರು ಅವರು. ಇಷ್ಟವಿಲ್ಲದೆ ಏನು! ಪಿಸ್ತಾ ಎಂದರೆ ಚಿಕ್ಕಂದಿನಲ್ಲಿ ಮದುವೆಮನೆಯ ಪಾಯಸದ ಮೇಲೆ ಎರಡು ಚೂರು ಕಂಡರೆ ಪುಣ್ಯ ಅನ್ನುವ ವಸ್ತು. ಇಲ್ಲಿ ನೋಡಿದರೆ ಬೇಲಿಯಾಚೆ ಸಾಲುಸಾಲು ಮರ. ಹೊಟ್ಟೆಯ ವಿಷಯ ಹೇಳಿದೆ. ಅವರು ಸೇಬಿನ ಚೀಲ ಯಜಮಾನರಿಗೆ ಕೊಡು ಎಂದರು, ಪಿಸ್ತಾ ನೀನೇ ಇಟ್ಟುಕೋ, ಸಿಪ್ಪೆ ಇದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದರು. ಆ ಚೀಲದ ಕತೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ವಿಲ್ಕಾಕ್ಸ್ ಎಂಬ ಊರಿನಿಂದ ಮಣ್ಣುದಾರಿ ಹಿಡಿದು ಹೋದರೆ ಸಿಗುವ ಬಯಲಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 1,270 ಮೀಟರ್ ಎತ್ತರ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಮಳೆ ಬರುತ್ತದೆ, ಅದನ್ನು ಇಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ತೀರ್ಥಹಳ್ಳಿಯಲ್ಲಿ ಬೆಳೆದವಳಿಗೆ ಅದು ಒಂದು ಮಳೆಯೇ ಅನ್ನಿಸಬೇಕು. ಆದರೆ ಮೊದಲ ಹನಿ ಬಿದ್ದಾಗ ಮಣ್ಣು ಬಿಡುವ ವಾಸನೆ ಇದೆಯಲ್ಲ, ಅದಕ್ಕೆ ಊರಿನ ಭೇದವಿಲ್ಲ. ಆಗ ನಾನು ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತೇನೆ.

ಯಜಮಾನರು ಕೆಲಸದಿಂದ ನಿವೃತ್ತರಾದ ಮೇಲೆ ಫೀನಿಕ್ಸ್‌ನ ಮನೆ ಮಾರಿ ಈ 26 ಅಡಿ ಉದ್ದದ ಟ್ರೈಲರ್ ಕೊಂಡೆವು. ಗಾಲಿಯ ಮೇಲಿನ ಮನೆಗಳನ್ನೆಲ್ಲ ಇಲ್ಲಿ ಒಟ್ಟಾಗಿ ಆರ್‌ವಿ ಅನ್ನುತ್ತಾರೆ. ಮೇಲೆ ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿ, ಮುಂದೆ 9 ಕಿಲೋದ ಎರಡು ಪ್ರೋಪೇನ್ ಸಿಲಿಂಡರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ಸೇರಿ 150 ಲೀಟರಿನ ಒಂದು ಟ್ಯಾಂಕ್. ಬಳಸಿದ ನೀರು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಈ ಕಣಿವೆಯಲ್ಲಿ ಅಂತರ್ಜಲ ವರ್ಷವರ್ಷ ಕೆಳಗೆ ಹೋಗುತ್ತಿದೆ, ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಎಷ್ಟೋ ಮನೆಗಳ ಬಾವಿ ಬತ್ತಿದೆ. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ನೀರನ್ನು ಪಿಕಪ್‌ನಲ್ಲಿ ಹೊತ್ತು ತರುತ್ತೇವೆ.

ಹೊಟ್ಟೆಯ ತೊಂದರೆ ನನಗೆ ಹತ್ತು ಹನ್ನೆರಡು ವರ್ಷದ್ದು. ಊಟವಾದ ಎರಡು ಗಂಟೆಗೆ ಹೊಟ್ಟೆ ತಮಟೆಯಂತೆ ಉಬ್ಬುವುದು, ಹಿಂಡಿದಂತೆ ನೋವು, ಆಮೇಲೆ ಓಡುವುದು. ದೊಡ್ಡ ಮನೆಯಲ್ಲಿದ್ದಾಗ ಅದನ್ನು ಮುಚ್ಚಿಟ್ಟುಕೊಂಡು ಬದುಕಿದ್ದೆ. ಟ್ರೈಲರಿನಲ್ಲಿ ಮುಚ್ಚಿಡಲಾಗುವುದಿಲ್ಲ. ಇರುವುದು ಒಂದೇ ಶೌಚದ ಕೋಣೆ, ಅದರ ಬಾಗಿಲು ರಟ್ಟಿನಷ್ಟು ತೆಳು, ಬಳಸುವ ನೀರಿಗೆಲ್ಲ ಲೆಕ್ಕ. ಒಂದು ರಾತ್ರಿ ಮೂರು ಸಲ ಎದ್ದ ಮೇಲೆ ಯಜಮಾನರು ದೀಪ ಹಾಕಿ ಕೂತು, "ಇದನ್ನು ಎಷ್ಟು ವರ್ಷದಿಂದ ಹೀಗೆ ಅನುಭವಿಸ್ತಿದ್ದೀಯೆ?" ಎಂದು ಕೇಳಿದರು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನಿಗೆ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಟ್ಟಿರಲಿಲ್ಲ.

ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಎಂಬ ಕಾಯಿಲೆ ಇದೆಯೇ ಎಂದು ನೋಡಲು. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ಇಲ್ಲೇ ಎಡವುತ್ತಾರೆ: ಗೋಧಿ ತಿನ್ನುತ್ತಿರುವಾಗಲೇ ಆ ಪರೀಕ್ಷೆ ಆಗಬೇಕು. ಯಾರೋ ಹೇಳಿದರೆಂದು ಮೊದಲೇ ಗೋಧಿ ಬಿಟ್ಟು ಕೂತರೆ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲ ಎಂದುಬಿಡಬಹುದು. ನನಗೆ ಸೀಲಿಯಾಕ್ ಇರಲಿಲ್ಲ. ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ ಅಂದರು, ಆಹಾರತಜ್ಞೆಯ ಬಳಿ ಕಳಿಸಿದರು. ಆಕೆ ವಿಡಿಯೋ ಕರೆಯಲ್ಲೇ ಸಿಕ್ಕರು, ಬಯಲಿನಲ್ಲಿ ಕೂತವರಿಗೆ ಅದು ದೊಡ್ಡ ಉಪಕಾರ.

ಒಂದಷ್ಟು ಆಹಾರ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಿ, ಒಗ್ಗದ್ದು ಯಾವುದೆಂದು ಪತ್ತೆಹಚ್ಚುವ ಈ ವಿಧಾನ ಹೊಸದಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ವೈದ್ಯ ಆಲ್ಬರ್ಟ್ ರೋ ಅಲರ್ಜಿಯ ರೋಗಿಗಳಿಗಾಗಿ ಇದನ್ನು ರೂಢಿಗೆ ತಂದು, 1941ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ನನಗೆ ಹೇಳಿದ್ದು ಇತ್ತೀಚಿನ ಬಗೆ, ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಗಿಬ್ಸನ್, ಸೂ ಶೆಫರ್ಡ್ ಮುಂತಾದವರು ಬೆಳೆಸಿದ್ದು. ಫಾಡ್‌ಮ್ಯಾಪ್ ಎಂದು ಅದರ ಹೆಸರು. ಹೆಸರು ಬಿಡಿ, ವಿಷಯ ಅಡುಗೆಮನೆಯದೇ. ಕೆಲವು ಬಗೆಯ ಸಕ್ಕರೆ ಅಂಶಗಳು ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಅವು ನೀರನ್ನು ಎಳೆದುಕೊಂಡು ಮುಂದೆ ಹೋಗುತ್ತವೆ, ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ದೋಸೆ ಹಿಟ್ಟು ಪಾತ್ರೆಯಲ್ಲಿ ಉಬ್ಬುತ್ತದಲ್ಲ, ಹಾಗೆ. ಇದು ಎಲ್ಲರಲ್ಲೂ ಆಗುತ್ತದೆ. ಕರುಳು ಸೂಕ್ಷ್ಮವಾಗಿರುವವರಿಗೆ ಆ ಉಬ್ಬರವೇ ನೋವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಒಂದು ಬಗೆ, ಕಾಳುಗಳಲ್ಲಿ ಇನ್ನೊಂದು, ಹಾಲಿನಲ್ಲಿ ಲ್ಯಾಕ್ಟೋಸ್, ಮಾವು ಜೇನಿನಲ್ಲಿ ಮತ್ತೊಂದು, ಅಣಬೆಯಲ್ಲಿ ಮಗುದೊಂದು. ಬಾಳೆಹಣ್ಣಿನದು ಇನ್ನೂ ಸೋಜಿಗ: ಗಟ್ಟಿಯಾಗಿರುವಾಗ ಅಡ್ಡಿಯಿಲ್ಲ, ಚೆನ್ನಾಗಿ ಹಣ್ಣಾದರೆ ಪಟ್ಟಿಗೆ ಸೇರುತ್ತದೆ.

ಪಟ್ಟಿ ಓದಿ ನಾನು ಅಕ್ಕನಿಗೆ ಫೋನ್ ಮಾಡಿದೆ. ಶಿವಮೊಗ್ಗದಲ್ಲಿ ಆಗ ರಾತ್ರಿ ಒಂಬತ್ತೂವರೆ.

"ಈರುಳ್ಳಿ ಇಲ್ಲ, ಬೇಳೆ ಇಲ್ಲ, ಹಾಲು ಮೊಸರಿಲ್ಲ. ಏನು ತಿನ್ನಲಿ ಅಕ್ಕ?"

"ಅಜ್ಜಿ ತಿಂತಿದ್ದದ್ದು ತಿನ್ನು ಕಣೇ," ಅಂದಳು. "ಚಾತುರ್ಮಾಸ್ಯ ಮರೆತುಹೋಯ್ತಾ?"

ಮರೆತೇ ಹೋಗಿತ್ತು. ನಮ್ಮಜ್ಜಿ ಆಷಾಢದ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳೂ ವ್ರತ ಹಿಡಿಯುತ್ತಿದ್ದರು. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ಕೊನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಅವರ ಒಲೆಯ ಮೇಲೆ ಈರುಳ್ಳಿ ಬೆಳ್ಳುಳ್ಳಿಗಂತೂ ವರ್ಷವಿಡೀ ಜಾಗವಿರಲಿಲ್ಲ. ಅದು ದೇವರಿಗಾಗಿ ಮಾಡುತ್ತಿದ್ದದ್ದು, ಕರುಳಿಗಾಗಿ ಅಲ್ಲ. ಎರಡನ್ನೂ ಒಂದೇ ಎಂದು ಹೇಳುವುದು ಅಜ್ಜಿಗೂ ಸಲ್ಲದು, ವೈದ್ಯರಿಗೂ ಸಲ್ಲದು. ಆದರೆ ಈರುಳ್ಳಿ ಇಲ್ಲದೆ, ಬೇಳೆ ಇಲ್ಲದೆ, ಮೊಸರಿಲ್ಲದೆ ರುಚಿಯಾಗಿ ಉಣ್ಣುವುದು ಹೇಗೆಂದು ತಲೆತಲಾಂತರದಿಂದ ಬಲ್ಲ ಅಡುಗೆಯೊಂದು ನನ್ನ ಮನೆತನದಲ್ಲೇ ಇತ್ತು. ಮೆಣಸು ಜೀರಿಗೆ ಹುರಿದು ಪುಡಿಮಾಡಿದ ಸಾರು, ತುಪ್ಪದ ಒಗ್ಗರಣೆ, ಅನ್ನ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಉಳಿಯಿತು. ಅಕ್ಕ ಫೋನಿನಲ್ಲೇ ಅಳತೆ ಹೇಳಿದಳು, ನಾನು ಬರೆದುಕೊಂಡೆ.

ಇಂಗು ಮಾತ್ರ ಕಣ್ತಪ್ಪುತ್ತಿತ್ತು. ಈರುಳ್ಳಿಯ ಕೊರತೆ ತುಂಬುವುದು ಇಂಗೇ ತಾನೆ ಎಂದು ಡಬ್ಬಿ ತೆಗೆದೆ. ಅಭ್ಯಾಸಬಲದಿಂದ ಹಿಂಬದಿ ಓದಿದರೆ, ಪುಡಿ ಉದುರುದುರಾಗಿರಲೆಂದು ಗೋಧಿಹಿಟ್ಟು ಬೆರೆಸಿದ್ದರು. ಅಕ್ಕಿಹಿಟ್ಟು ಬೆರೆಸಿದ ಇಂಗಿಗಾಗಿ ಟೂಸಾನ್‌ನ ಇಂಡಿಯನ್ ಅಂಗಡಿಗೆ ಹೋಗಿಬಂದೆವು, ಹೋಗಲು 130 ಕಿಲೋಮೀಟರ್, ಬರಲು 130. ಅಂದಿನಿಂದ ಡಬ್ಬಿಗಳ ಹಿಂಬದಿ ಓದುವುದು ನನ್ನ ಪಾರಾಯಣವಾಯಿತು. ಆರೋಗ್ಯಕ್ಕೆ ಒಳ್ಳೆಯದೆಂದು ಮಾರುವ ನಾರಿನ ಬಾರ್‌ಗಳಲ್ಲಿ ಚಿಕೋರಿ ಬೇರಿನ ಇನುಲಿನ್ ಇರುತ್ತದೆ, ಅದು ಈರುಳ್ಳಿಯಲ್ಲಿರುವ ಬಗೆಯದೇ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಸಾರ್ಬಿಟಾಲ್. ಪ್ಯಾಕೆಟ್ ಸೂಪ್‌ನಲ್ಲಿ ನ್ಯಾಚುರಲ್ ಫ್ಲೇವರ್ ಎಂಬ ಎರಡೇ ಪದದ ಹಿಂದೆ ಏನು ಅಡಗಿದೆಯೋ ತಿಳಿಯಲು ದಾರಿಯೇ ಇಲ್ಲ. ಪ್ಯಾಕೆಟ್ ಎಲ್ಲ ಬಿಟ್ಟೆ.

ಬಿಡಲು ಟ್ರೈಲರ್ ಬಹಳ ಸಹಾಯ ಮಾಡಿತು, ಅದನ್ನು ಮನಸಾರೆ ಹೇಳುತ್ತೇನೆ. ಫೀನಿಕ್ಸ್‌ನ ಮನೆಯಲ್ಲಿ ಆಳೆತ್ತರದ ಫ್ರಿಜ್ಜು, ಅದರ ಹಿಂದಿನ ಸಾಲಿನಲ್ಲಿ ಏನಿದೆಯೆಂದು ನನಗೇ ಗೊತ್ತಿರುತ್ತಿರಲಿಲ್ಲ. ಇಲ್ಲಿಯದು 170 ಲೀಟರಿನದು, ಗ್ಯಾಸ್ ಉರಿಯಲ್ಲಿ ನಡೆಯುವಂಥದ್ದು. ಬಿಸಿಯಿಂದಲೇ ತಂಪು ಮಾಡುತ್ತದೆ, ಒಳಗೆ ಅಮೋನಿಯಾ ಸುತ್ತುತ್ತಿರುತ್ತದೆ. ಟ್ರೈಲರ್ ಸಮತಟ್ಟಾಗಿ ನಿಂತಿಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ, ಮೇಲೆ ಬಿಸಿಲು ಏರಿದರೆ ಅದಕ್ಕೂ ಸುಸ್ತು. ಹಾಗಾಗಿ ಅಂದಂದಿನ ಅಡುಗೆ ಅಂದಂದಿಗೆ. ಎರಡು ಒಲೆ, ಒಂದು ಕುಕ್ಕರ್, ಒಂದು ಬಾಣಲೆ. ಬೆಳಗ್ಗೆ ಏನು ತಿಂದೆ, ಮಧ್ಯಾಹ್ನ ಏನು, ನೋವು ಎಷ್ಟೊತ್ತಿಗೆ ಬಂತು ಎಂದು ಬರೆಯುವ ನೋಟ್‌ಬುಕ್ ಒಲೆಯ ಪಕ್ಕದಲ್ಲೇ ನೇತುಹಾಕಿದ್ದೆ. ಅಡುಗೆ ಸಣ್ಣದಾದಷ್ಟೂ ಲೆಕ್ಕ ಸ್ಪಷ್ಟ. ಹತ್ತು ಪದಾರ್ಥದ ಊಟದಲ್ಲಿ ಕಳ್ಳನನ್ನು ಹಿಡಿಯುವುದು ಕಷ್ಟ, ಮೂರರಲ್ಲಿ ಸುಲಭ.

ನೀರಿನ ವಿಷಯದಲ್ಲಿ ಮಾತ್ರ ಪಥ್ಯಕ್ಕೂ ಟ್ರೈಲರಿಗೂ ಹೊಂದಲಿಲ್ಲ. ಕಾಳುಗಳಲ್ಲಿನ ತೊಂದರೆಯ ಅಂಶ ನೀರಿನಲ್ಲಿ ಕರಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿದರೆ ಎಷ್ಟೋ ಕಡಿಮೆಯಾಗುತ್ತದೆ. ಡಬ್ಬಿಯ ಕಡಲೆಕಾಳನ್ನೂ ಚೆನ್ನಾಗಿ ತೊಳೆದರೆ ಸ್ವಲ್ಪ ತಿನ್ನಬಹುದು ಅನ್ನುವುದು ಅದಕ್ಕೇ. ಆದರೆ ಹೊತ್ತು ತಂದ ನೀರನ್ನು ಹಾಗೆ ಚೆಲ್ಲಲು ಕೈ ಬರುವುದಿಲ್ಲ. ಕಾಳು ನೆನೆಸಿದ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕುತ್ತಿದ್ದೆ. ಆ ಗಿಡಕ್ಕೆ ಈಗ ನನ್ನ ಭುಜದೆತ್ತರ, ಚಳಿಗಾಲದಲ್ಲಿ ಟ್ರೈಲರಿನೊಳಗೆ ನಮ್ಮ ಜೊತೆಗೇ ಮಲಗುತ್ತದೆ.

ಬೆಳ್ಳುಳ್ಳಿಗೂ ಇದೇ ಗುಟ್ಟಿನ ಇನ್ನೊಂದು ಮುಖ ಇದೆ. ನೀರಿನಲ್ಲಿ ಕರಗುವ ಆ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ಎಸಳು ತೆಗೆದುಬಿಟ್ಟರೆ ಪರಿಮಳ ಎಣ್ಣೆಯಲ್ಲಿ ಉಳಿಯುತ್ತದೆ, ತೊಂದರೆ ಎಸಳಿನ ಜೊತೆ ಹೋಗುತ್ತದೆ. ಆ ಎಣ್ಣೆಯನ್ನು ಅಂದೇ ಬಳಸಬೇಕು, ಇಟ್ಟರೆ ವಿಷವಾಗುವ ಅಪಾಯವಿದೆ. ಯಜಮಾನರು ಆ ಒಗ್ಗರಣೆಯ ವಾಸನೆಗೆ ಹೊರಗಿನಿಂದ ಎದ್ದು ಬಂದ ದಿನ ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಪಥ್ಯದಿಂದ ಅವರ ಊಟವೂ ಸಪ್ಪೆಯಾಯಿತಲ್ಲ ಎಂದು ನನಗಿದ್ದ ಸಂಕಟ ಅವರಿಗೆ ಗೊತ್ತಿತ್ತೋ ಇಲ್ಲವೋ.

ಮೂರನೆಯ ವಾರ ನೋವು ಇಳಿಯಿತು. ನಾಲ್ಕನೆಯ ವಾರ ಒಂದು ರಾತ್ರಿಯೂ ಏಳಲಿಲ್ಲ. ಅಕ್ಟೋಬರ್‌ನಲ್ಲಿ ಇಲ್ಲಿಗೆ ಉತ್ತರದಿಂದ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಕೊಕ್ಕರೆಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಹಗಲು ಕೊಯ್ಲಾದ ಮೆಕ್ಕೆಜೋಳದ ಹೊಲಗಳಲ್ಲಿ ಉದುರಿದ ಕಾಳು ಮೇಯುತ್ತವೆ, ರಾತ್ರಿ ತೆಳುನೀರಿನಲ್ಲಿ ನಿಂತು ನಿದ್ರಿಸುತ್ತವೆ. ಬೆಳಗಿನ ಜಾವ ಅವು ಏಳುವ ಗದ್ದಲ ಕೇಳಲು ಎಷ್ಟು ವರ್ಷದಿಂದ ಆಸೆಯಿತ್ತು. ಹೊಟ್ಟೆಯ ಭಯಕ್ಕೆ ಶೌಚಾಲಯ ಇಲ್ಲದ ಕಡೆ ಹೋಗುತ್ತಿರಲಿಲ್ಲ. ಈ ಸಲ ಕತ್ತಲೆಯಲ್ಲೇ ಹೋಗಿ ಎರಡು ಗಂಟೆ ನಿಂತು ನೋಡಿದೆವು. ಮೇಲಿನಿಂದ ಬರುವ ಆ ಗಂಟಲಿನ ಸದ್ದು ಎದೆಯೊಳಗೆ ನಡುಗುತ್ತದೆ.

ಅಲ್ಲಿಂದ ಮುಂದೆ ನಾನು ತಪ್ಪುದಾರಿ ಹಿಡಿದೆ. ಆರು ವಾರ ಮುಗಿಯಿತು. ಈಗ ಒಂದೊಂದೇ ತಿಂದು ನೋಡಿ ಎಂದರು ಆಹಾರತಜ್ಞೆ. ನನಗೆ ಮನಸ್ಸಾಗಲಿಲ್ಲ. ಹತ್ತು ವರ್ಷದ ಮೇಲೆ ಸಿಕ್ಕ ನೆಮ್ಮದಿ, ಯಾಕೆ ಕೆಣಕಬೇಕು? ಏಳನೆಯ ವಾರವೂ ಹಾಗೇ ಕಳೆಯತೊಡಗಿತು. ಟೂಸಾನ್‌ನ ಸ್ನೇಹಿತರ ಮನೆಗೆ ದೀಪಾವಳಿಗೆ ಹೋದಾಗ ನನ್ನ ಡಬ್ಬಿ ನಾನೇ ಒಯ್ದೆ. ಮನೆಯಾಕೆ ನನಗೆಂದೇ ಮಾಡಿದ ಹೋಳಿಗೆ ತಟ್ಟೆಯಲ್ಲಿ ಹಾಗೇ ಉಳಿಯಿತು. ಆಕೆ ಏನೂ ಅನ್ನಲಿಲ್ಲ, ನನಗೆ ಊಟ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೇಲಿಯ ಹತ್ತಿರ ತೋಟದ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ, ಪಿಸ್ತಾ ಹಾಕುವ ಮೊದಲು ಅವರ ಮನೆಯವರದು ದನದ ಕಸುಬು. ಕೈಗವಸು ತೆಗೆದು ಕಂಬಕ್ಕೆ ಒರಗಿ ಕೇಳಿಸಿಕೊಂಡರು.

"ನಮ್ಮ ದನ ಮೇವು ಬಿಟ್ಟಾಗ ಎಲ್ಲ ನಿಲ್ಲಿಸಿ ಬರಿ ಹುಲ್ಲು ಹಾಕ್ತಿದ್ವಿ," ಅಂದರು. "ಆಮೇಲೆ ಒಂದೊಂದೇ ಮೇವು ತಿರುಗಿ ಕೊಡೋದು. ಒಂದೊಂದೇ, ಎರಡು ಒಟ್ಟಿಗೆ ಅಲ್ಲ. ಬರಿ ಹುಲ್ಲಲ್ಲೇ ನಿಲ್ಲಿಸಿಬಿಟ್ಟರೆ ದನ ಬಡಕಲಾಗತ್ತೆ, ಯಾವ ಮೇವು ಕೆಟ್ಟದ್ದು ಅಂತ ನಮಗೂ ಗೊತ್ತಾಗಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನನ್ನ ಪಿಸ್ತಾ ಯಾವಾಗ ತಿಂತೀಯ?" ಅಂದರು.

ಆ ರಾತ್ರಿ ಅಜ್ಜಿಯ ವ್ರತ ಮತ್ತೆ ನೆನಪಾಯಿತು. ಅಜ್ಜಿ ಬಿಟ್ಟದ್ದನ್ನೆಲ್ಲ ಒಂದೇ ಸಲ ಬಿಟ್ಟವರಲ್ಲ, ಬಿಟ್ಟಲ್ಲೇ ಕೂತವರೂ ಅಲ್ಲ. ಶಾಕವ್ರತ ಮುಗಿದು ದಧಿವ್ರತ ಹಿಡಿದ ದಿನ ತರಕಾರಿ ಮನೆಗೆ ವಾಪಸು. ಕ್ಷೀರವ್ರತದಲ್ಲಿ ಹಾಲು ಹೋದರೆ ಮೊಸರು ವಾಪಸು. ಏಕಾದಶಿಯ ಮರುದಿನ ಪಾರಣೆ ಮಾಡದಿದ್ದರೆ ಉಪವಾಸ ಮುಗಿಯುವುದಿಲ್ಲ ಎಂದು ಬೆಳಗಿನ ಜಾವಕ್ಕೇ ಎದ್ದು ಒಲೆ ಹಚ್ಚುತ್ತಿದ್ದರು. ನಾನು ಉಪವಾಸ ಹಿಡಿದು ಪಾರಣೆ ಮರೆತಿದ್ದೆ.

ಆಹಾರತಜ್ಞೆ ಹೇಳಿದ ಇನ್ನೊಂದು ಮಾತೂ ಆಗ ಸರಿಯಾಗಿ ಮನಸ್ಸಿಗಿಳಿಯಿತು. ಈರುಳ್ಳಿ, ಗೋಧಿ, ಕಾಳುಗಳಲ್ಲಿರುವ ಅವೇ ಅಂಶಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅನ್ನ. ಪಥ್ಯ ಕಾಲದಲ್ಲಿ ಬಿಫಿಡೋಬ್ಯಾಕ್ಟೀರಿಯಾ ಎಂಬ ಉಪಕಾರಿ ಜೀವಿಗಳು ಕಡಿಮೆಯಾಗುವುದನ್ನು ಸಂಶೋಧಕರು ಕಂಡಿದ್ದಾರೆ. ನಾನು ಈರುಳ್ಳಿಯನ್ನು ವೈರಿ ಎಂದುಕೊಂಡು ಮನೆಯಿಂದಾಚೆ ಹಾಕಿದ್ದೆ. ಅದು ವೈರಿಯಲ್ಲ. ಎಷ್ಟು ಎಂಬುದಷ್ಟೇ ಪ್ರಶ್ನೆ.

ನವೆಂಬರ್‌ನಿಂದ ಪಾರಣೆ ಶುರು. ಒಂದು ಬಗೆಗೆ ಮೂರು ದಿನ, ದಿನದಿನಕ್ಕೆ ಸ್ವಲ್ಪ ಹೆಚ್ಚು, ಆಮೇಲೆ ಮೂರು ದಿನ ಬಿಡುವು, ಮಿಕ್ಕಿದ್ದೆಲ್ಲ ಪಥ್ಯವೇ. ಮೊದಲು ಹಾಲು. ಕಾಲು ಲೋಟ, ಅರ್ಧ, ಒಂದು. ಏನೂ ಆಗಲಿಲ್ಲ! ಹತ್ತು ವರ್ಷದಿಂದ ಹಾಲನ್ನೇ ದೂರುತ್ತಿದ್ದೆ. ಅಂದು ಸಂಜೆ ಮಾಡಿದ ಫಿಲ್ಟರ್ ಕಾಫಿಯ ಲೋಟ ಹಿಡಿದು ಹೊರಗಿನ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಗೋಧಿಯಲ್ಲಿ ಎರಡು ಚಪಾತಿಯವರೆಗೆ ಸರಿ, ಮೂರಾದರೆ ಉಬ್ಬರ. ನೆನೆಸಿ ಬಸಿದ ಕಡಲೆಕಾಳು ಸಣ್ಣ ಬಟ್ಟಲು ಅಡ್ಡಿಯಿಲ್ಲ. ಉದ್ದಿನ ಇಡ್ಲಿ ಒಗ್ಗಿತು. ಇಲ್ಲಿಯ ಚಳಿಗೆ ಹಿಟ್ಟು ಹುದುಗುವುದಿಲ್ಲವೆಂದು ಐಸ್‌ಬಾಕ್ಸಿನೊಳಗೆ ಬಿಸಿನೀರಿನ ಬಾಟಲಿಯ ಜೊತೆ ಇಡುತ್ತೇನೆ, ಬೆಳಗಾಗುವಾಗ ಮುಚ್ಚಳ ಎತ್ತುವಷ್ಟು ಉಬ್ಬಿರುತ್ತದೆ. ಜೇನು ಸ್ವಲ್ಪ ಸರಿ. ಈರುಳ್ಳಿ ಆಗಲಿಲ್ಲ. ಕಾಲು ಈರುಳ್ಳಿಗೇ ಆ ಹಳೆಯ ನೋವು ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ತಟ್ಟಿತು. ಆದರೆ ಈ ಸಲ ಅದರ ಹೆಸರು ಗೊತ್ತಿತ್ತು, ಎರಡು ದಿನಕ್ಕೆ ಹೋಗುತ್ತದೆಂದೂ ಗೊತ್ತಿತ್ತು. ಹೆದರಲಿಲ್ಲ. ಈರುಳ್ಳಿಯ ಹಸಿರು ಗರಿ ಒಗ್ಗುತ್ತದೆ, ಉಪ್ಪಿಟ್ಟಿಗೆ ಅದನ್ನೇ ಹಚ್ಚಿ ಹಾಕುತ್ತೇನೆ.

ಟೂಸಾನ್‌ನ ಸ್ನೇಹಿತೆಗೆ ಫೋನ್ ಮಾಡಿ ಸಂಕ್ರಾಂತಿಗೆ ಬರುತ್ತೇನೆಂದೆ. ಒಂದು ಹೋಳಿಗೆ ನನ್ನ ಪಾಲಿಗಿರಲಿ ಎಂದೆ.

ಪಿಸ್ತಾ ಕೊನೆಗೆ ಉಳಿದದ್ದಕ್ಕೆ ಕಾರಣವಿದೆ. ಗೋಧಿ ಈರುಳ್ಳಿಯ ಅಂಶವೂ ಅದರಲ್ಲಿದೆ, ಕಾಳುಗಳ ಅಂಶವೂ ಇದೆ. ಎರಡನ್ನೂ ಬೇರೆಬೇರೆ ನೋಡದೆ ಅದನ್ನು ತಿಂದರೆ ಏನೂ ತಿಳಿಯುವುದಿಲ್ಲ. ಹೀಗಾಗಿ ಚೀಲ ಮೂರು ತಿಂಗಳು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಕಾದಿತ್ತು. ನಿನ್ನೆ ತೆಗೆದೆ. ಬೇಲಿಯ ಹತ್ತಿರ ಹೋಗಿ ಅಮ್ಮನನ್ನು ಕೂಗಿದೆ. ಅವರೆದುರೇ ಎಣಿಸಿ ಐದು ಸುಲಿದೆ, ಒಂದೊಂದಾಗಿ ತಿಂದೆ. ಮರದ ಹಸಿರೆಲ್ಲ ಆ ಕಾಳಿನೊಳಗೆ ಇಳಿದುಬಂದಂತಿತ್ತು. ಅವರು ಮಾತಾಡದೆ ನನ್ನ ಮುಖವನ್ನೇ ನೋಡುತ್ತಿದ್ದರು.

ರಾತ್ರಿ ಚೆನ್ನಾಗಿ ನಿದ್ರೆ ಬಂತು. ಇವತ್ತು ಹತ್ತು ತಿನ್ನಬೇಕು, ನಾಳೆ ಹದಿನೈದು. ಅಗೋ, ಅವರ ನಾಯಿ ಬೊಗಳುತ್ತಿದೆ, ತೋಟದಿಂದ ಬರುತ್ತಿದ್ದಾರೆ. ನೋಟ್‌ಬುಕ್ ತೆಗೆದುಕೊಂಡು ಬೇಲಿಗೆ ಹೋಗುತ್ತೇನೆ.